ಐಸಿನ ಟಬ್ಬಿಗೆ ಕಲ್ಲುಪ್ಪು

ನಮ್ಮ ಬಿಲ್ಡಿಂಗಿನ ಪ್ರತೀಕ್ಷಾ ಈಗಷ್ಟೇ ಫಿಸಿಯೋಥೆರಪಿ ಓದಿ ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ. ಕಾರ್ಕಳ ಕಡೆಯವರ ಮಗಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಮೊನ್ನೆ ಬಂದವಳೇ ಮೊಬೈಲನ್ನು ನನ್ನ ಮೂಗಿಗೆ ಹಿಡಿದಳು. ನವಿ ಮುಂಬಯಿಯ ಯಾವುದೋ ಜಿಮ್ಮಿನಲ್ಲಿ ಒಬ್ಬ ಯುವಕ ಐಸು ತುಂಬಿದ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿ, ಹಲ್ಲು ಕಟಕಟಿಸುತ್ತಾ ಕ್ಯಾಮೆರಾದ ಕಡೆಗೆ ನಗುತ್ತಿದ್ದ.

“ಆಂಟಿ, ಆಪ್ ಕೇ ಟೈಮ್ ಮೇ ಯೇ ಸಬ್ ಥಾ ಕ್ಯಾ?”

“ನಮ್ಮ ಕಾಲದಲ್ಲೂ ಇತ್ತು ಮಾರಾಯ್ತಿ. ನಗುವವರು ಇರ್ಲಿಲ್ಲ ಅಷ್ಟೆ” ಎಂದೆ.

“ತೋ ಲಿಖೋ ನಾ! ಕನ್ನಡ ಮೇ ಲಿಖೋ, ಮಮ್ಮಿ ಪಢ್ ಕೇ ಸುನಾಯೇಗೀ.”

ನಿವೃತ್ತಿಯಾದ ಮೇಲೆ ನನ್ನನ್ನು ಯಾರೂ ಏನೂ ಕೇಳುವುದಿಲ್ಲ ಎಂದು ನಾನು ಗೊಣಗುತ್ತಿದ್ದೆ. ಕೇಳಿದಾಗ ಇಲ್ಲ ಎನ್ನುವುದು ಹೇಗೆ? ಹಾಗಾಗಿ ಬರೆಯಲು ಕುಳಿತಿದ್ದೇನೆ, ಅವಳ ಅಮ್ಮ ಓದಿ ಹೇಳುತ್ತಾರಂತೆ. ನನ್ನ ಹೆಸರು ವಾರಿಜಾ. ಉಡುಪಿ ಕಡೆಯ ಕುಟುಂಬ, ಅಪ್ಪ ಕಲ್ಯಾಣದ ಒಂದು ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದರು. ನನ್ನ ಕೆಲಸ ಡೊಂಬಿವಿಲಿಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಶುರುವಾಗಿ ಠಾಣೆಯ ಮಾಜಿವಾಡಾದ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಮುಗಿಯಿತು. ನಡುವೆ ಯಾವಾಗ ಸೀನಿಯರ್ ಆದೆ, ಯಾವಾಗ ಹೆಡ್ ಆದೆ ಎನ್ನುವುದು ಯಾರಿಗೆ ಬೇಕು? ನನಗೇ ಸರಿಯಾಗಿ ನೆನಪಿಲ್ಲ. ನೆನಪಿರುವುದು ಜನರ ಕಾಲುಗಳು, ಭುಜಗಳು, ಮತ್ತೆ ಅವರ ಹಠ.

ಶುರುವಿನಲ್ಲಿ ನಮ್ಮ ಕ್ಲಿನಿಕ್ಕಿನ ಪುಟ್ಟ ಫ್ರಿಜ್ಜಿನಲ್ಲಿ ಎರಡು ಟ್ರೇ ಐಸು ಸಿಕ್ಕರೆ ಪುಣ್ಯ. ಭಾನುವಾರ ಓಟದ ಪಂದ್ಯ ಮುಗಿಸಿ ಐದಾರು ಜನ ಒಟ್ಟಿಗೆ ಕುಂಟುತ್ತಾ ಬಂದರೆ ಸ್ಟೇಷನ್ ಹತ್ತಿರದ ಮೀನಿನ ಮಾರ್ಕೆಟ್ಟಿಗೆ ಓಡಬೇಕು. ಅಲ್ಲಿ ಮೀನು ಮಾರುವ ಹೆಂಗಸೊಬ್ಬಳು ದೊಡ್ಡ ಐಸಿನ ಗಡ್ಡೆಯನ್ನು ಗೋಣಿಯಲ್ಲಿ ಸುತ್ತಿ, ದೊಣ್ಣೆಯಿಂದ ಎರಡು ಬಾರಿಸಿ ಕೊಡುತ್ತಿದ್ದಳು. ಆ ಐಸಿಗೆ ಬಂಗುಡೆಯ ವಾಸನೆ. ನಮ್ಮವರಿಗೆ ಅಡ್ಡಿಯಿಲ್ಲ, ಹಸಿವಾಗುತ್ತದೆ ಎನ್ನುತ್ತಿದ್ದರು. ಪುಣೆಯ ಸದಾಶಿವ ಪೇಠದಿಂದ ಬಂದ, ಮೀನು ಮುಟ್ಟದ ಒಬ್ಬ ಅಜ್ಜನಂತೂ ಮೊಣಕಾಲಿಗೆ ಪ್ಯಾಕ್ ಇಟ್ಟೊಡನೆ ಮೂಗು ಮುಚ್ಚಿಕೊಂಡು ಹೊರಗೆ ನಡೆದುಬಿಟ್ಟರು. ನೋವಿದ್ದ ಕಾಲಿನಲ್ಲಿ ಅಷ್ಟು ಬೇಗ ನಡೆದದ್ದನ್ನು ಕಂಡು ನನಗೆ ಸಮಾಧಾನವೇ ಆಯಿತು.

ಆದರೆ ಐಸು ತರುವುದಕ್ಕಿಂತ ಕಷ್ಟದ ಕೆಲಸ ಅದನ್ನು ನಮ್ಮ ಮನೆಗಳ ಒಳಗೆ ಹೊಗಿಸುವುದು. ನಮ್ಮ ಊರಿನವರಿಗೆ ಮೈ ನೋವು ಅಂದರೆ ಎಣ್ಣೆ ಮತ್ತು ಹಂಡೆಯ ಸುಡುನೀರು. ತಣ್ಣೀರು ಅಂದರೆ ಶೀತ, ಶೀತ ಅಂದರೆ ನಂಜು, ಮುಂದಿನದ್ದನ್ನು ಕೇಳಲೇಬೇಡಿ. ಮ್ಯಾರಥಾನ್ ಓಡುವ ಒಬ್ಬ ಹುಡುಗಿಯಿದ್ದಳು. ದೂರ ಓಡಿ ಬಂದ ದಿನ ತೊಡೆಗೆ ಐಸು ಇಡು ಎಂದು ಹೇಳಿ ಕಳಿಸಿದ್ದೆ. ಮರುದಿನ ತೊಡೆಯ ಮೇಲೆ ಕೆಂಪಗೆ ಅಂಗೈಯಗಲ ಬೊಬ್ಬೆ. ಕೇಳಿದರೆ, ಐಸು ಇಟ್ಟುಕೊಂಡೇ ಅವಳಿಗೆ ಜೋಂಪು ಹತ್ತಿದಾಗ ಅಮ್ಮ ಮೆಲ್ಲನೆ ಬಂದು ಅದನ್ನು ತೆಗೆದು, ಮುಲಾಮು ತಿಕ್ಕಿ, ಬಿಸಿನೀರಿನ ಬ್ಯಾಗ್ ಇಟ್ಟಿದ್ದಾರೆ! ಮರಗಟ್ಟಿದ ಚರ್ಮಕ್ಕೆ ಬಿಸಿ ಗೊತ್ತಾಗಲಿಲ್ಲ.

“ನಿಮಗೆ ಎಷ್ಟು ಧೈರ್ಯ ಅಮ್ಮಾ?” ಎಂದು ಗದರಿದೆ.

“ಹೆತ್ತವಳಿಗೆ ನೋಡ್ಲಿಕ್ಕಾಗ್ತದಾ ಮಾರಾಯ್ರೆ? ಮಗು ತಣ್ಣಗೆ ಹೆಣದ ಹಾಗೆ ಮಲಗಿತ್ತು!” ಎಂದು ಆಕೆಯೇ ನನ್ನನ್ನು ಗದರಿದರು. ಅಂದಿನಿಂದ ಪೇಷಂಟಿಗೆ ಹೇಳುವ ಮೊದಲು ಅವರ ಅಮ್ಮನನ್ನು ಕೂರಿಸಿ ಹೇಳುವ ಅಭ್ಯಾಸ ಮಾಡಿಕೊಂಡೆ. ಪ್ರತೀಕ್ಷಾ, ಇದು ನಿನ್ನ ಪುಸ್ತಕದಲ್ಲಿ ಇರುವುದಿಲ್ಲ.

ಠಾಣೆಗೆ ಬಂದ ಮೇಲೆ ನನ್ನ ಮೇಲಿನವರು ಡಾಕ್ಟರ್ ಬರ್ವೆ. ಎಲುಬಿನ ಡಾಕ್ಟರು, ಮುಂಗೋಪಿ. ಕೋಪ ಬಂದರೆ ಮರಾಠಿ, ಇನ್ನೂ ಜಾಸ್ತಿ ಬಂದರೆ ಮೌನ. ಕೆಲಸಕ್ಕೆ ಸೇರಿದ ವಾರವೇ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ನನ್ನ ಮುಂಗೈಯ ಮೇಲೆ ನನ್ನಿಂದಲೇ ಐಸು ಉಜ್ಜಿಸಿದರು. “ಏನಾಗ್ತದೆ ಹೇಳ್ತಾ ಹೋಗು” ಎಂದರು. ಮೊದಲು ತಣ್ಣಗೆ. ಆಮೇಲೆ ಉರಿ. ಆಮೇಲೆ ಒಳಗಿಂದ ಹಿಂಡಿದಂಥ ನೋವು. ಕಣ್ಣಲ್ಲಿ ನೀರು ಬಂತು, ಅವರು ಕರಗಲಿಲ್ಲ. ಕೊನೆಗೆ ಏನೂ ಗೊತ್ತಾಗದ ಹಾಗಾಯಿತು.

“ಸುನ್ನ ಝಾಲಂ ಕೀ ಥಾಂಬಾಯ್ಚಂ” ಎಂದರು. ಮರಗಟ್ಟಿತೋ, ನಿಲ್ಲಿಸಬೇಕು. “ನೋವಿದೆ ಅನ್ನುವವನಿಗೆ ಹೆದರಬೇಡ. ನೋವಿಲ್ಲ ಅನ್ನುವವನ ಕಾಲನ್ನು ಮೊದಲು ನೋಡು.”

ಆಗ ಎಲ್ಲಕ್ಕೂ ಐಸೇ ಮದ್ದು. ಉಳುಕಿದರೆ ಐಸು, ಬಿದ್ದರೆ ಐಸು, ಆಡಿ ಬಂದರೆ ಐಸು. ವರ್ಷಗಳು ಕಳೆದ ಮೇಲೆ ಬರ್ವೆ ಸರ್ ಯಾವುದೋ ಸಮ್ಮೇಳನಕ್ಕೆ ಹೋಗಿ ಬಂದು ನಮ್ಮನ್ನೆಲ್ಲ ಕರೆದರು. ಒಂದೇ ದಿನ ಮೇಲಿಂದ ಮೇಲೆ ಪಂದ್ಯ ಇದ್ದರೆ, ಮರುದಿನವೇ ಮತ್ತೆ ಓಡಬೇಕಾಗಿದ್ದರೆ ತಣ್ಣೀರಿನ ಟಬ್ ಒಳ್ಳೆಯದು, ಮೈಕೈ ನೋವು ತಗ್ಗುತ್ತದೆ. ಆದರೆ ತೂಕ ಎತ್ತಿ ಸ್ನಾಯು ಬೆಳೆಸುವವರು ದಿನಾ ಐಸಿನಲ್ಲಿ ಕೂತರೆ ಬೆಳೆಯಬೇಕಾದದ್ದೂ ಬೆಳೆಯದೆ ಹೋಗಬಹುದು, ಅಂಥವರಿಗೆ ಬೇಡ ಎಂದರು. ನನಗೆ ಪಿತ್ತ ನೆತ್ತಿಗೇರಿತು. “ಇಷ್ಟು ವರ್ಷ ನಾವು ಹೇಳಿದ್ದೆಲ್ಲ ಏನು ಸರ್ ಹಾಗಾದರೆ?” ಎಂದು ಎಲ್ಲರೆದುರೇ ಕೇಳಿಬಿಟ್ಟೆ.

“ಆಪಲಂ ಚುಕ್ಲಂ” ಎಂದರು. ನಮ್ಮದು ತಪ್ಪಾಯಿತು. ಅಷ್ಟೇ. ಚಹಾ ತರಿಸಿದರು. ಅಷ್ಟು ದೊಡ್ಡ ಡಾಕ್ಟರು ಅಷ್ಟು ಚಿಕ್ಕ ಮಾತಿನಲ್ಲಿ ಒಪ್ಪಿಕೊಂಡದ್ದು ಕಂಡು ನನ್ನ ಸಿಟ್ಟು ಎಲ್ಲಿ ಹೋಯಿತೋ. ನಿಮಗೂ ಅಂಥ ಮೇಲಿನವರು ಸಿಗಲಿ.

ಇನ್ನು ಭುಜಂಗ ಶೆಟ್ಟರ ವಿಷಯ. ಇದನ್ನು ಹೇಳಲಿಕ್ಕೆಂದೇ ಕುಳಿತದ್ದು ಎಂದರೂ ಸರಿ.

ಶೆಟ್ಟರದ್ದು ಡೊಂಬಿವಿಲಿಯಲ್ಲಿ ಹೋಟೆಲು. ದೋಸೆಗಿಂತ ಕಬಡ್ಡಿಯ ಮೇಲೆ ಹೆಚ್ಚು ಪ್ರೀತಿ. ಹೋಟೆಲಿನ ಸಪ್ಲಾಯರುಗಳನ್ನೇ ಸೇರಿಸಿ ತಂಡ ಕಟ್ಟಿದ್ದರು. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ಚಹಾ ಶುರುವಾಗುವ ನಡುವೆ ಅಭ್ಯಾಸ. ಕಲಿಸುವವರು ಹಣಮಂತ ಮಾಸ್ತರು, ವಿಜಯಪುರದ ಕಡೆಯವರು, ಮಾತು ಕಡಿಮೆ, ಸೀಟಿ ಜಾಸ್ತಿ. ತಂಡದ ಜೀವ ಶೆಟ್ಟರ ಅಕ್ಕನ ಮಗ ಸುಧೀರ. ರೈಡಿಗೆ ಹೋದರೆ ಕಾಲು ನೆಲಕ್ಕೆ ತಾಗುತ್ತದೋ ಇಲ್ಲವೋ ಅನ್ನಿಸುತ್ತಿತ್ತು. ಅವನ ಕಾಲಿನ ಉಸ್ತುವಾರಿ ನನ್ನದು.

ಆ ವರ್ಷ ಸುಧೀರನಿಗೆ ಒಂದು ಸರಕಾರಿ ಕಂಪನಿಯಿಂದ ಕರೆ ಬಂದಿತ್ತು. ಆಟಗಾರರಿಗೆಂದು ಮೀಸಲಿಟ್ಟ ಕೆಲಸ. ಆಡಿ ತೋರಿಸಬೇಕು, ಗೆದ್ದರೆ ಖಾಯಂ ನೌಕರಿ. ವಯಸ್ಸಿನ ಮಿತಿಗೆ ಅದೇ ಕೊನೆಯ ಅವಕಾಶ. ತಪ್ಪಿದರೆ ಮತ್ತೆ ಕೈಯಲ್ಲಿ ಟ್ರೇ, ಬಾಯಲ್ಲಿ “ಏಕ್ ಮಸಾಲಾ, ದೋ ಇಡ್ಲಿ”. ಮಾವನ ಹೋಟೆಲಿನಲ್ಲೇ ಇದ್ದರೂ ಅವನಿಗೆ ಅದು ಬೇಡವಾಗಿತ್ತು. ಮಾವನಿಗೂ ಬೇಡವಾಗಿತ್ತು, ಅದೇ ಚಂದ.

ಟ್ರಯಲ್ಲಿಗೆ ಮುಂಚಿನ ಭಾನುವಾರ ಸಾನಪಾಡಾದ ಒಂದು ಮೈದಾನದಲ್ಲಿ ಹೋಟೆಲಿನವರ ಕಬಡ್ಡಿ ಪಂದ್ಯಾಟ. ಬೆಳಗಿನಿಂದ ಒಂದರ ಹಿಂದೆ ಒಂದು ಆಟ. ನಾನು ಮೈದಾನದ ಫಿಸಿಯೋ. ಸೆಮಿಫೈನಲ್ ಮುಗಿಸಿ ಬಂದ ಸುಧೀರನ ಮೀನಖಂಡ ಕಲ್ಲಿನ ಹಾಗೆ ಬಿಗಿದಿತ್ತು. ಫೈನಲ್ ಸಂಜೆಗೆ. ಶೆಟ್ಟರಿಗೆ ಹೇಳಿದೆ, “ಟಬ್ಬಿಗೆ ನೀರು ಹಾಕಿ, ಐಸು ಹಾಕಿ, ಮೊಣಕಾಲಿನವರೆಗೆ ಇಳಿಸಿ ಕೂರಲಿ. ಹತ್ತು ನಿಮಿಷ ಸಾಕು. ನಾನು ಈಗ ಬಂದೆ.” ಅಷ್ಟರಲ್ಲಿ ಇನ್ನೊಂದು ತಂಡದವನ ಭುಜ ಜಾರಿ ಅವನು ಬೊಬ್ಬಿಡುತ್ತಿದ್ದ, ಆ ಕಡೆ ಓಡಿದೆ.

ಭುಜ ಕಟ್ಟಿ, ಅವನನ್ನು ಗಾಡಿಗೆ ಹತ್ತಿಸಿ ಶಾಮಿಯಾನದ ಹಿಂದೆ ಬಂದರೆ, ಸುಧೀರ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ಎರಡೂ ಕಾಲು ಟಬ್ಬಿಗೆ ಇಳಿಬಿಟ್ಟಿದ್ದಾನೆ. ಶೆಟ್ಟರು ಪಕ್ಕದಲ್ಲಿ ನಿಂತು ಹೆಗಲು ತಟ್ಟುತ್ತಿದ್ದಾರೆ.

“ಹೇಗುಂಟು?” ಎಂದೆ.

“ಮೊದಲು ಜೀವ ಹೋದ ಹಾಗಾಯ್ತು ಆಂಟಿ, ಮಾವ ತಡ್ಕೊ ಅಂದ್ರು. ಈಗ ಎಂತ ಸಹ ಗೊತ್ತಾಗುದಿಲ್ಲ. ಫುಲ್ ಆರಾಮ್!”

ಆ ಆರಾಮ್ ಕೇಳಿದ್ದೇ ಟಬ್ಬಿಗೆ ಕೈ ಹಾಕಿದೆ. ಹಾಕಿದ ಕೈ ತಾನಾಗಿ ಹಿಂದೆ ಬಂತು. ಐಸು ನೀರಿನ ತಂಪು ನನಗೆ ಗೊತ್ತು, ಇಷ್ಟು ವರ್ಷ ಅದರಲ್ಲೇ ಕೈ ಅದ್ದಿದವಳು. ಇದು ತಂಪಲ್ಲ, ಕಚ್ಚುವ ಏನೋ. “ಎತ್ತು ಕಾಲು! ಎತ್ತು ಅಂದೆ!” ಎಂದು ಕಿರುಚಿದೆ. ಅವನು ಎತ್ತಿದ. ಕಣಕಾಲಿನಿಂದ ಕೆಳಗೆ ಮೇಣದಂಥ ಬಿಳುಪು. ಬೆರಳು ಒತ್ತಿದರೆ ಹಿಟ್ಟಿನ ಉಂಡೆ ಮುಟ್ಟಿದ ಹಾಗೆ.

“ಇದಕ್ಕೆ ಎಂತ ಹಾಕಿದ್ದೀರಿ ಶೆಟ್ರೇ?”

“ಉಪ್ಪು ವಾರಿಜಕ್ಕ. ಕಲ್ಲುಪ್ಪು.” ಅವರ ಮುಖದಲ್ಲಿ ಇನ್ನೂ ಹೆಮ್ಮೆ. “ಬಿಸಿಲಿಗೆ ಐಸು ಕರಗ್ತಾ ಉಂಟು, ತಂಪು ನಿಲ್ಲುದಿಲ್ಲ. ನಾನು ಕಲ್ಯಾಣದಲ್ಲಿ ಶುರುವಿಗೆ ಐಸ್‌ಕ್ರೀಮ್ ತಿರುಗಿಸ್ತಿದ್ದೆ ಅಲ್ವಾ, ಐಸಿಗೆ ಉಪ್ಪು ಬಿದ್ರೆ ಆ ತಂಪೇ ಬೇರೆ. ಹಾಲು ಗಟ್ಟಿ ಆಗ್ತದೆ!”

“ಹಾಲು ಗಟ್ಟಿ ಆಗ್ತದೆ. ಇವನ ರಕ್ತವೂ ಗಟ್ಟಿ ಆಗ್ಲಿ ಅಂತ ಮಾಡಿದ್ದಾ?”

ಕಾಲೇಜಿನ ಯಾವ ಪಾಠದಲ್ಲೂ ಉಪ್ಪು ಹಾಕಬೇಡಿ ಎಂದು ಬರೆದದ್ದು ನನಗೆ ನೆನಪಿಲ್ಲ. ಬರೆಯುವ ಅಗತ್ಯ ಯಾರಿಗೂ ಕಂಡಿರಲಿಕ್ಕಿಲ್ಲ. ಹೋಟೆಲಿನವರಲ್ಲದೆ ಇನ್ನು ಯಾರಿಗೆ ಹೊಳೆಯುತ್ತದೆ ಈ ಬುದ್ಧಿ! ಉಪ್ಪು ಬಿದ್ದ ಐಸು ಬರೀ ಐಸಿಗಿಂತ ಎಷ್ಟೋ ಕೆಳಗೆ ಇಳಿಯುತ್ತದೆ, ಚರ್ಮ ಮಾಂಸ ಹೆಪ್ಪುಗಟ್ಟುತ್ತದೆ. ಹೆಪ್ಪು ಆಳಕ್ಕೆ ಇಳಿದರೆ ಬೆರಳುಗಳೇ ಸಾಯುತ್ತವೆ. ಕಾಲೇ ಬಂಡವಾಳವಾದ ಹುಡುಗನ ಕಾಲು.

ಆಮೇಲಿನ ಗಡಿಬಿಡಿ ಅದಕ್ಕಿಂತ ಅಪಾಯದ್ದು. ಹಣಮಂತ ಮಾಸ್ತರು ಓಡಿ ಬಂದು ಮೊಣಕಾಲೂರಿ ಅವನ ಪಾದವನ್ನು ಎರಡೂ ಕೈಯಿಂದ ಗಸಗಸ ತಿಕ್ಕತೊಡಗಿದರು. ಅವರ ಕೈಗೆ ಒಂದು ಬಿಟ್ಟೆ.

“ಯಾಕ್ರಿ ಮೇಡಮ್ಮಾರ, ರಕ್ತ ಓಡ್ಬೇಕಲ್ರಿ!”

“ತಿಕ್ಕಿದ್ರೆ ಚರ್ಮ ಕಿತ್ತು ಬರ್ತದೆ ಮಾಸ್ತರೇ. ಮುಟ್ಟಬೇಡಿ.”

ಅಷ್ಟರಲ್ಲಿ ಶೆಟ್ಟರು ಚಹಾದ ಸ್ಟಾಲಿನಿಂದ ಹೊಗೆಯಾಡುವ ನೀರಿನ ಪಾತೆಲೆಯನ್ನು ಬರಿಗೈಯಲ್ಲಿ ಹೊತ್ತು ತಂದರು. ತಣ್ಣಗಾಗಿದ್ದಕ್ಕೆ ಬಿಸಿ, ನಮ್ಮವರ ಲೆಕ್ಕ. ಟಬ್ಬಿಗೆ ಸುರಿಯುವವರೇ. ನಾನು ಅಡ್ಡ ನಿಂತೆ. ಈ ಕಾಲಿಗೆ ಈಗ ಕುದಿಯುವ ನೀರು ಬಿದ್ದರೂ ಗೊತ್ತಾಗುವುದಿಲ್ಲ, ಬೆಂದು ಹೋಗುತ್ತದೆ. ಹಾಗೆ ಹೇಳುತ್ತಾ ಇನ್ನೊಂದು ಟಬ್ಬಿಗೆ ಉಪ್ಪಿಲ್ಲದ ಸಾದಾ ನೀರು ಹಾಕಿಸಿ, ಬಿಸಿನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸಿದೆ. ಎಳೆ ಮಗುವನ್ನು ಮೀಯಿಸುವಾಗ ಮೊಣಕೈ ಅದ್ದಿ ನೋಡುತ್ತೇವಲ್ಲ, ಆ ಹದ. ಅಜ್ಜಿ ಕಲಿಸಿದ್ದು, ಕಾಲೇಜಿನವರು ಕಲಿಸಿದ್ದೂ ಅದೇ ಎನ್ನಿ. ಮೊದಲು ಉಪ್ಪು ತೊಳೆದೆ. ಆಮೇಲೆ ಕಾಲು ಇಳಿಸಿ ಕಾಯುತ್ತಾ ಕುಳಿತೆವು. ಮೈದಾನದಲ್ಲಿ ಮೈಕಿನವನು ನಮ್ಮ ತಂಡದ ಹೆಸರು ಕೂಗುತ್ತಿದ್ದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

“ಗೊತ್ತಾಗ್ತದಾ?”

“ಇಲ್ಲ ಆಂಟಿ.”

ನೀರು ಆರಿದ ಹಾಗೆ ಮತ್ತೆ ಬಿಸಿ ಬೆರೆಸಿದೆ. ಮತ್ತೆ ಕೇಳಿದೆ. ಇಲ್ಲ. ಸುಧೀರನ ನಗು ಮಾಯವಾಗಿತ್ತು. ಅವನು ತನ್ನ ಕಾಲನ್ನು ಬೇರೆ ಯಾರದೋ ಕಾಲಿನ ಹಾಗೆ ನೋಡುತ್ತಿದ್ದ. ನಾನು ಮತ್ತೆ ಮೊಣಕೈ ಅದ್ದಿ ನೀರಿನ ಹದ ನೋಡಿದೆ. ಶೆಟ್ಟರು ಆ ಉಪ್ಪಿನ ಚೀಲದ ಮೇಲೆಯೇ ಕುಕ್ಕರಿಸಿ ತಲೆಗೆ ಕೈ ಕೊಟ್ಟಿದ್ದರು. “ಅಕ್ಕನಿಗೆ ಎಂತ ಹೇಳ್ಲಿ ನಾನು? ಎಂತ ಹೇಳ್ಲಿ?” ಅಷ್ಟೇ ಮಾತು.

ಆಗ ಒಮ್ಮೆಲೇ ಸುಧೀರ ಸ್ಟೂಲಿನ ಮೇಲೆ ಎಗರಿದ. “ಅಪ್ಪೇ! ಪೊತ್ತುಂಡು! ಪೊತ್ತುಂಡು ಮಾಮಾ!” ಉರಿಯುತ್ತದೆ ಎಂದು ತುಳುವಿನಲ್ಲಿ ಬೊಬ್ಬೆ. ಸೂಜಿಯಿಂದ ಚುಚ್ಚಿದ ಹಾಗೆ, ಬೆಂಕಿ ಇಟ್ಟ ಹಾಗೆ ಎಂದು ಒದ್ದಾಡಿದ. ನನಗೆ ಬೈದ, ಮಾವನಿಗೆ ಬೈದ, ಬಾಯಿಗೆ ಬಂದದ್ದೆಲ್ಲ ಬೈದ. ಬೈಗುಳ ಅಷ್ಟು ಹಿತವಾಗಿ ನನ್ನ ಜನ್ಮದಲ್ಲಿ ಕೇಳಿಲ್ಲ. ಮೇಣದ ಬಣ್ಣ ಹೋಗಿ ಪಾದ ಕೆಂಪೇರತೊಡಗಿತ್ತು. “ಉರಿಲಿ ಮಗಾ, ಚೆಂದ ಉರಿಲಿ” ಎಂದು ಅವನ ಮೊಣಕಾಲು ಹಿಡಿದು ನಕ್ಕೆ. ಮಾಸ್ತರು ನನಗೆ ಹುಚ್ಚು ಹಿಡಿಯಿತು ಎಂದುಕೊಂಡಿರಬೇಕು.

ಉಳಿದೆಲ್ಲ ಬೆರಳಿಗೂ ಬಣ್ಣ ಬಂತು. ಬಲಗಾಲಿನ ಕಿರುಬೆರಳು ಮಾತ್ರ ಬಿಳಿಯಾಗಿಯೇ ಉಳಿಯಿತು.

ಹೆಪ್ಪು ಬಿಟ್ಟ ಕಾಲಲ್ಲಿ ನಡೆಯಬಾರದು. ಬಟ್ಟೆ ಸಡಿಲವಾಗಿ ಸುತ್ತಿದೆ. ಸ್ಟ್ರೆಚರ್ ಎಲ್ಲಿ ಎಂದು ನೋಡುವುದರೊಳಗೆ ಶೆಟ್ಟರು ಲುಂಗಿ ಎತ್ತಿ ಕಟ್ಟಿ, ಸೋದರಳಿಯನನ್ನು ಎರಡು ಕೈಯಲ್ಲಿ ಎತ್ತಿಕೊಂಡು ಕಾರಿನ ಕಡೆಗೆ ನಡೆದೇಬಿಟ್ಟರು. ಸಕ್ಕರೆ ಕಾಯಿಲೆ, ಬೊಜ್ಜು, ಏದುಸಿರು, ಎಲ್ಲ ಇರುವ ಮನುಷ್ಯ. ಠಾಣೆಯವರೆಗೂ ಹಿಂದಿನ ಸೀಟಿನಲ್ಲಿ ಅವನ ಪಾದಗಳನ್ನು ತನ್ನ ಮಡಿಲಲ್ಲಿಟ್ಟುಕೊಂಡು ಕಣ್ಣೀರು ಒರೆಸುತ್ತಾ ಕುಳಿತಿದ್ದರು. ಐರೋಳಿ ದಾಟುವಾಗ ಸುಧೀರನೇ ಹೇಳಿದ, “ಮಾವ, ಕೂಗ್ಬೇಡಿ. ನನಗೆ ನಾಚಿಕೆ ಆಗ್ತದೆ.”

ನನ್ನ ಫೋನಿಗೆ ಬರ್ವೆ ಸರ್ ಮನೆಯಿಂದ ಆಸ್ಪತ್ರೆಗೆ ಬಂದು ಕಾದಿದ್ದರು. ಕಿರುಬೆರಳನ್ನು ದೀಪದ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದರು. ಮೌನ. ಅವರ ಮೌನದ ಅರ್ಥ ನನಗೆ ಗೊತ್ತಿತ್ತು. ಕೊನೆಗೆ ಉಗುರನ್ನು ಒತ್ತಿ ಬಿಟ್ಟರು. ತಡವಾಗಿ, ಬಹಳ ತಡವಾಗಿ, ತುದಿಯಲ್ಲಿ ಚೂರು ಕೆಂಪು ಬಂತು.

“ಬದುಕ್ತದೆ” ಎಂದರು. “ಆಡ್ತದೋ ಇಲ್ಲವೋ, ನೋಡೋಣ. ಬೊಬ್ಬೆ ಎದ್ದರೆ ಟ್ರಯಲ್ ಮರೆತುಬಿಡು. ಏಳದಿದ್ದರೆ, ಇವಳು ಹೂಂ ಅಂದರೆ, ಹೋಗು.” ಶೆಟ್ಟರ ಕಡೆ ತಿರುಗಿ ಇನ್ನೇನೋ ಹೇಳಹೊರಟವರು ಅವರ ಮುಖ ನೋಡಿ ಚಹಾ ತರಿಸಿದರು.

ಅಂದಿನಿಂದ ಬೆಳಗಾದರೆ ನನ್ನ ಮೊಬೈಲಿಗೆ ಶೆಟ್ಟರಿಂದ ಒಂದು ಗುಡ್ ಮಾರ್ನಿಂಗ್. ಹೂವಿನ ಚಿತ್ರದ ಬದಲು ಸುಧೀರನ ಕಾಲ್ಬೆರಳುಗಳು. ಮೇಲಿನಿಂದ, ಕೆಳಗಿನಿಂದ, ಪಕ್ಕದಿಂದ. ನನ್ನ ಯಜಮಾನರು ಚಹಾ ಕುಡಿಯುತ್ತಾ ಇಣುಕಿ ನೋಡಿ, “ಇದೆಂತ ಅವಸ್ಥೆ ಮಾರಾಯ್ತಿ, ಬೆಳಿಗ್ಗೆ ಎದ್ದು ಯಾರ್ಯಾರದ್ದೋ ಪಾದದರ್ಶನ” ಎನ್ನುತ್ತಿದ್ದರು. ಚರ್ಮ ಸ್ವಲ್ಪ ಸುಲಿಯಿತು. ಬೊಬ್ಬೆ ಏಳಲಿಲ್ಲ. ಆದರೆ ಕಿರುಬೆರಳಿನಲ್ಲಿ ಸ್ಪರ್ಶ ಮಂದವಾಗಿಯೇ ಇತ್ತು, ಕಾಗದ ತಾಗಿಸಿದರೆ ಗೊತ್ತಾಗುತ್ತಿರಲಿಲ್ಲ. ರೈಡರನಿಗೆ ಗೆರೆಯ ಅಂಚು ಗೊತ್ತಾಗುವುದೇ ಆ ಬೆರಳಿನಿಂದ. ಟ್ರಯಲಿನ ಹಿಂದಿನ ದಿನ ಅವನನ್ನು ಆಸ್ಪತ್ರೆಯ ಓಣಿಯಲ್ಲಿ ಓಡಿಸಿದೆ, ಹಾರಿಸಿದೆ, ಒಂಟಿ ಕಾಲಲ್ಲಿ ತಿರುಗಿಸಿದೆ. ಹೂಂ ಎನ್ನಬೇಕೋ ಬೇಡವೋ? ಅವನು ನನ್ನ ಬಾಯನ್ನೇ ನೋಡುತ್ತಿದ್ದ.

“ಹೋಗು. ನೋವು ಜಾಸ್ತಿಯಾದ್ರೆ ಹೊರಗೆ ಬಾ. ಮಾವನ ಮಾತು ಕೇಳಿ ತಡ್ಕೊಳ್ಳುದು ಬೇಡ” ಎಂದೆ.

ಮರುದಿನ ಕೆಲಸದಲ್ಲಿ ನನಗೆ ಮನಸ್ಸೇ ಇಲ್ಲ. ಸೊಂಟದ ಪೇಷಂಟಿಗೆ ಭುಜದ ವ್ಯಾಯಾಮ ಹೇಳಿಕೊಟ್ಟೆ, ಅವರೇ ತಿದ್ದಿದರು. ಮಧ್ಯಾಹ್ನ ಕಳೆಯಿತು. ಫೋನು ಬಂದಾಗ ಒಬ್ಬ ಹಿರಿಯ ಮರಾಠಿ ಗೃಹಸ್ಥರ ಮೊಣಕಾಲು ನನ್ನ ಕೈಯಲ್ಲಿತ್ತು. ಬಿಟ್ಟು ಎದ್ದೆ.

“ಆಂಟಿ, ಕಾಲು ನೋಯ್ತಾ ಉಂಟು” ಎಂದ ಸುಧೀರ. ದನಿಯಲ್ಲಿ ಉಸಿರೇ ಇಲ್ಲ.

“ಎಲ್ಲಿ? ಸರಿಯಾಗಿ ಹೇಳು, ಎಲ್ಲಿ?”

“ಎಲ್ಲಾ ಕಡೆ. ಬೆಳಿಗ್ಗೆಯಿಂದ ಆಡಿಸಿಯೇ ಆಡಿಸಿದ್ರು ಮಾರಾಯ್ರೆ, ಬಿಡ್ಲೇ ಇಲ್ಲ. ತೊಡೆ, ಮೀನಖಂಡ, ಪಾದ...”

“ಕಿರುಬೆರಳು?”

“ಅದೇ ಆಂಟಿ! ಯಾರೋ ಮೆಟ್ಟಿದ್ರು. ಎಂಥ ನೋವು ಗೊತ್ತುಂಟಾ, ಕಣ್ಣಲ್ಲಿ ನೀರು ಬಂತು. ಸರಿಯಾಗಿ ನೋಯ್ತದೆ ಆಂಟಿ, ಮೊದಲಿನ ಹಾಗೆಯೇ ನೋಯ್ತದೆ.” ಆಮೇಲೆ, ಮರೆತೇ ಹೋಗಿತ್ತೋ ಎನ್ನುವ ಹಾಗೆ ಹೇಳಿದ, “ಹಾಂ, ಸೆಲೆಕ್ಟ್ ಆಯ್ತು. ಮಾವ ಇಲ್ಲಿ ಕೂಗ್ತಾ ಇದ್ದಾರೆ.”

ನಾನು ಸ್ಟೂಲಿನ ಮೇಲೆ ಕುಳಿತೆ. ಕುಳಿತವಳು ಅತ್ತೇಬಿಟ್ಟೆ, ಮೂಗು ಸೀಟುತ್ತಾ, ಚಿಕ್ಕ ಮಕ್ಕಳ ಹಾಗೆ. ಮೊಣಕಾಲಿನ ಗೃಹಸ್ಥರು ಗಾಬರಿಯಾಗಿ ಮಂಚದಿಂದ ಎದ್ದು ಕುಂಟುತ್ತಾ ಹತ್ತಿರ ಬಂದರು. ಇಷ್ಟು ವರ್ಷ ನಾನು ಎಲ್ಲರನ್ನೂ ಕೇಳಿದ್ದನ್ನು ಅವರು ನನ್ನನ್ನು ಕೇಳಿದರು.

“ಮ್ಯಾಡಮ್, ಕುಠೇ ದುಖ್ತಯ್?”

ಎಲ್ಲಿಯೂ ನೋಯುತ್ತಿಲ್ಲ ಎಂದೆ.